ಹೆಳವರ ಹೊತ್ತಿಗೆ ಮತ್ತು ಗ್ರಂಥಾಲಯದ ಆಕರಗಳು: ಮನೆತನದ ಚರಿತ್ರೆಯ ಅಧ್ಯಯನ ಕುರಿತು ಕೆಲವು ವಿಚಾರಗಳು

ಕರ್ನಾಟಕದ ಒಂದು ಒಕ್ಕಲು ಮನೆತನವು ತನ್ನ ಪೂರ್ವಿಕರನ್ನು ಅರಿಯಬಯಸಿದರೆ ಅದರ ಮುಂದೆ ಎರಡು ದಾರಿಗಳಿವೆ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಮನೆಯ ಮುಂದೆ ಬಂದು ನಿಲ್ಲುವ ಹೆಳವನ ಬಾಯಿ ಒಂದು. ಗ್ರಂಥಾಲಯದ ಕಪಾಟು ಇನ್ನೊಂದು. ಮೊದಲನೆಯದು ಜಾನಪದ ವಿದ್ವಾಂಸರ ಕ್ಷೇತ್ರವೆಂದೂ ಎರಡನೆಯದು ಇತಿಹಾಸಕಾರರ ಕ್ಷೇತ್ರವೆಂದೂ ನಾವು ಬಹುಕಾಲದಿಂದ ಹಂಚಿಕೊಂಡು ಬಂದಿದ್ದೇವೆ. ಈ ಹಂಚಿಕೆಯ ಪರಿಣಾಮವಾಗಿ ಒಂದು ರೂಢಿ ಬೆಳೆದಿದೆ. ಹೆಳವನು ಹೇಳಿದ್ದು ಮುದ್ರಿತ ಆಕರಕ್ಕೆ ಹೊಂದಿದರೆ ಅದು ಚರಿತ್ರೆ, ಹೊಂದದಿದ್ದರೆ ಅದು ಕಟ್ಟುಕತೆ ಎಂದು ತೀರ್ಮಾನಿಸುವುದೇ ಆ ರೂಢಿ. ಗ್ರಂಥಾಲಯದ ಆಕರಗಳನ್ನು ಹೀಗೆ ಅಳತೆಗೋಲಾಗಿ ಹಿಡಿಯುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1

ಹೆಳವರು ನಮ್ಮ ನಾಡಿನ ವೃತ್ತಿಪರ ವಂಶಾವಳಿಕಾರರು. ತೆಲುಗು ಸೀಮೆಯಲ್ಲಿ ಇವರಿಗೆ ಸಮೀಪವಾದವರು ಪಿಚ್ಚಿಗುಂಟಲವರು. ‘ಹೆಳವ’ ಎಂದರೆ ಕಾಲಿಲ್ಲದವನು, ಕುಂಟ ಎಂದರ್ಥ. ಅಣ್ಣತಮ್ಮಂದಿರಲ್ಲಿ ಕಿರಿಯನಾದ ಕುಂಟನೊಬ್ಬನು ಕಾಳಗದಲ್ಲಿ ಬದುಕುಳಿದು, ಎತ್ತನ್ನೇರಿ ಒಕ್ಕಲು ಮನೆಗಳ ಹಿರಿಯರ ಹೆಸರುಗಳನ್ನು ಹೇಳುತ್ತ ಜೀವಿಸಿದನೆಂಬ ಕಥೆ ಇವರ ಹುಟ್ಟಿನ ಬಗ್ಗೆ ಪ್ರಚಲಿತವಾಗಿದೆ. ಎತ್ತಿನ ಮೇಲೆ ಕಾಲು ಮರೆಯಾಗುವಂತೆ ಕಂಬಳಿ ಹೊದ್ದು ಕುಳಿತುಕೊಳ್ಳುವ ಅವರ ವಾಡಿಕೆ ಈ ಕಥೆಯ ನೆನಪನ್ನು ಉಳಿಸಿಕೊಂಡಿದೆ. ಒಂದೊಂದು ಹೆಳವ ಕುಟುಂಬಕ್ಕೂ ಇಂತಿಂಥ ಊರು, ಇಂತಿಂಥ ಮನೆ ಎಂಬ ಹಕ್ಕಿನ ಹಂಚಿಕೆ ಇರುತ್ತದೆ. ಮನೆತನದ ಮೂಲ ಊರು, ಅಲ್ಲಿಂದ ಒಡೆದು ಬಂದ ಕಾರಣ, ಬೆಡಗು, ಮನೆದೇವರು, ತಲೆಮಾರುಗಳ ಹೆಸರು ಇವಿಷ್ಟನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಕೇಳಿ ಸೇರಿಸಿಕೊಂಡು, ಕಾಳು, ಬಟ್ಟೆ, ಪಾತ್ರೆ ಅಥವಾ ಹಣವನ್ನು ಕಾಣಿಕೆಯಾಗಿ ಪಡೆದು ಮುಂದಿನ ಮನೆಗೆ ಹೋಗುವುದು ಅವರ ಕ್ರಮ.

ಹೆಳವರ ಜ್ಞಾನ ಕೇವಲ ಮೌಖಿಕವೆಂಬ ಗ್ರಹಿಕೆ ಸರಿಯಲ್ಲ. ಅವರಲ್ಲಿ ತಾಮ್ರಪಟಗಳ, ಓಲೆಗಳ ಪ್ರಸ್ತಾಪವಿದೆ. ಈಚಿನ ತಲೆಮಾರುಗಳಲ್ಲಿ ಕಾಗದದ ಹೊತ್ತಿಗೆಗಳು ಬಳಕೆಯಲ್ಲಿವೆ. ಹೊತ್ತಿಗೆಯಲ್ಲಿರುವುದು ಹೆಸರುಗಳ ಸಾಲು ಮಾತ್ರ. ಅವುಗಳ ನಡುವಿನ ಕಥೆ ನಾಲಗೆಯಲ್ಲಿದೆ. ಆದ್ದರಿಂದ ‘ಬರಹ’ ಮತ್ತು ‘ಬಾಯಿಮಾತು’ ಎಂಬ ವಿಂಗಡಣೆ ಹೆಳವನ ಮನೆಯಲ್ಲಿಯೇ ಮುರಿದುಬೀಳುತ್ತದೆ.

2

ಇನ್ನು ಗ್ರಂಥಾಲಯದತ್ತ ತಿರುಗಬಹುದು. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ವಂಶಾವಳಿಗೆ 929 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಆದರೆ ನಮ್ಮ ಗ್ರಂಥಾಲಯಗಳಲ್ಲಿ ಈ ಸಂಖ್ಯೆಯ ಕಪಾಟು ಬಹುಮಟ್ಟಿಗೆ ಬರಿದು. ಆಕರಗಳಿಲ್ಲವೆಂದು ಇದರ ಅರ್ಥವಲ್ಲ. ಅವು ಬೇರೆ ಬೇರೆ ಕಡೆ ಹಂಚಿಹೋಗಿವೆ. ಹೆಳವನ ಕಥೆ ಜಾನಪದವೆಂದು 398ರಲ್ಲಿ, ಶಾಸನ ಸಂಪುಟ ಬೇರೊಂದು ಕೋಣೆಯಲ್ಲಿ, ಗ್ಯಾಸೆಟಿಯರ್ ಚರಿತ್ರೆಯೊಡನೆ 954ರಲ್ಲಿ, ಜಾತಿ ಸಮೀಕ್ಷೆ ಸಮಾಜಶಾಸ್ತ್ರದಲ್ಲಿ ಇರುತ್ತವೆ. ಮನೆತನವನ್ನು ಹುಡುಕುವವನು ಈ ಎಲ್ಲ ಕೋಣೆಗಳನ್ನೂ ಸುತ್ತಬೇಕಾಗುತ್ತದೆ.

ಪಾಶ್ಚಾತ್ಯ ದೇಶಗಳ ಮಾದರಿ ಇಲ್ಲಿ ನೇರವಾಗಿ ನೆರವಾಗದು. ಅಮೆರಿಕದಲ್ಲಿ ಜನಗಣತಿಯ ಮನೆವಾರು ಹಾಳೆಗಳು 72 ವರ್ಷಗಳ ಬಳಿಕ, ಇಂಗ್ಲೆಂಡಿನಲ್ಲಿ 100 ವರ್ಷಗಳ ಬಳಿಕ ಸಾರ್ವಜನಿಕರಿಗೆ ದೊರೆಯುತ್ತವೆ. ಅಲ್ಲಿನ ವಂಶಾವಳಿ ಸಂಶೋಧನೆ ನಿಂತಿರುವುದು ಇಂಥ ಹಾಳೆಗಳು ಮತ್ತು ಇಗರ್ಜಿಯ ದಾಖಲೆಗಳ ಮೇಲೆ. ನಮ್ಮಲ್ಲಿ 1948ರ ಜನಗಣತಿ ಕಾಯಿದೆಯು ವ್ಯಕ್ತಿಗತ ವಿವರಗಳನ್ನು ಗೋಪ್ಯವೆಂದು ಪರಿಗಣಿಸುತ್ತದೆ. ಗ್ರಂಥಾಲಯದ ಜನಗಣತಿ ವರದಿಗಳಲ್ಲಿ ನಮಗೆ ಸಿಗುವುದು ಒಟ್ಟು ಅಂಕಿಗಳೇ ಹೊರತು ಹೆಸರುಗಳಲ್ಲ. ಜನನ ಮರಣಗಳ ನೋಂದಣಿಗೆ ದೇಶವ್ಯಾಪಿ ಏಕರೂಪದ ಕಾಯಿದೆ ಬಂದದ್ದು 1969ರಲ್ಲಿ.

ಹೀಗಾಗಿ ಸಂಶೋಧಕನಿಗೆ ಮುಖ್ಯವಾಗಿ ಉಳಿಯುವ ಆಕರಗಳು ನಾಲ್ಕು ಬಗೆಯವು. ಬಿ.ಎಲ್. ರೈಸ್ ಅವರು ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ ಹಾಗೂ ಅದರ ಪರಿಷ್ಕೃತ ಸಂಪುಟಗಳು ಮೊದಲನೆಯವು. ಇವು ತಾಲ್ಲೂಕುವಾರಾಗಿ ಜೋಡಣೆಗೊಂಡಿರುವುದರಿಂದ ಊರಿನ ಹೆಸರು ಹಿಡಿದು ಹುಡುಕುವವನಿಗೆ ಅನುಕೂಲ. ಎರಡನೆಯವು ಕರ್ನಲ್ ಮೆಕೆಂಜಿಯ ಸಹಾಯಕರು ಊರೂರು ತಿರುಗಿ ಸಂಗ್ರಹಿಸಿದ ಕೈಫಿಯತ್ತುಗಳು. ಕನ್ನಡದ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿವೆ. ಮೂರನೆಯವು ಜಾತಿ ಸಮೀಕ್ಷೆಗಳು: ಥರ್ಸ್ಟನ್ ಅವರ ಏಳು ಸಂಪುಟಗಳು (1909), ಎಂಥೋವನ್ ಅವರ ಮುಂಬಯಿ ಪ್ರಾಂತದ ಮೂರು ಸಂಪುಟಗಳು (1920–22), ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಸಂಪುಟಗಳು (1928–35). ನಾಲ್ಕನೆಯವು ಇನಾಮು ಮತ್ತು ವತನಗಳ ದಾಖಲೆಗಳು.

ಈ ನಾಲ್ಕರಲ್ಲಿ ಯಾವುದೂ ಮನೆತನದ ಚರಿತ್ರೆಗಾಗಿ ಹುಟ್ಟಿದ್ದಲ್ಲ. ಶಾಸನ ಹುಟ್ಟಿದ್ದು ದಾನವನ್ನೋ ಮರಣವನ್ನೋ ಸಾರಲು. ದಾನಿಯ ಎರಡು ಮೂರು ತಲೆಮಾರು ಅದರಲ್ಲಿ ಬಂದರೆ ಅದು ದಾನಿಯ ಹಿರಿಮೆಗಾಗಿ. ಕೈಫಿಯತ್ತು ಹೊಸ ಆಡಳಿತದ ಅಧಿಕಾರಿಯ ಎದುರು ಸ್ಥಳದ ಪ್ರಮುಖರು ಹೇಳಿದ ಹೇಳಿಕೆ. ತಮ್ಮ ಹಕ್ಕು ಹಳೆಯದೆಂದು ತೋರಿಸುವ ಆಸೆ ಅದರಲ್ಲಿ ಸಹಜವಾಗಿಯೇ ಇದೆ. ಜಾತಿ ಸಮೀಕ್ಷೆಯ ಕಣ್ಣಿಗೆ ಮನೆತನ ಬೀಳುವುದೇ ಇಲ್ಲ. ಅದಕ್ಕೆ ಕಾಣುವುದು ಜಾತಿ ಮತ್ತು ಬೆಡಗು. ವತನದ ದಾಖಲೆಗೆ ಬೇಕಾದವರು ಹಕ್ಕಿನ ಪಾಲುದಾರರು ಮಾತ್ರ. ಉದ್ದೇಶಕ್ಕೆ ತಕ್ಕಂತೆ ಪ್ರತಿಯೊಂದು ಆಕರವೂ ಮನೆತನದ ಒಂದು ಅಂಗವನ್ನು ಉಳಿಸಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ.

3

ಈ ಮಾತನ್ನು ಸ್ಪಷ್ಟಪಡಿಸಲು ನನ್ನ ಕ್ಷೇತ್ರಕಾರ್ಯದ ಒಂದು ಪ್ರಸಂಗವನ್ನು ಉದಾಹರಿಸಬಹುದು. ಉತ್ತರ ಕರ್ನಾಟಕದ ಒಂದು ಗ್ರಾಮದಲ್ಲಿ ಗೌಡಿಕೆಯ ಮನೆತನವೊಂದರ ವಂಶಾವಳಿಯನ್ನು ಹೆಳವರಿಂದ ಬರೆದುಕೊಂಡಿದ್ದೆ. ಐದು ತಲೆಮಾರುಗಳ ಹಿಂದಿನ ಒಬ್ಬ ಹಿರಿಯನಿಗೆ ನಾಲ್ವರು ಗಂಡುಮಕ್ಕಳೆಂದು ಹೆಳವರು ಹೇಳಿದರು. ಆ ಮನೆಯವರು ಜೋಪಾನವಾಗಿಟ್ಟಿದ್ದ ವತನದ ಕಾಗದದ ನಕಲಿನಲ್ಲಿ ಮೂವರ ಹೆಸರಷ್ಟೇ ಇತ್ತು. ಹೆಳವರ ನೆನಪಿನಲ್ಲಿ ಒಂದು ಹೆಸರು ತಪ್ಪಾಗಿ ಸೇರಿದೆಯೆಂದು ನಾನು ಟಿಪ್ಪಣಿ ಬರೆದುಕೊಂಡೆ. ಮರುವರ್ಷ ಅದೇ ಹೆಳವ ಕುಟುಂಬದ ಹಿರಿಯರನ್ನು ಈ ಬಗ್ಗೆ ಕೇಳಿದಾಗ ಅವರು ನಕ್ಕು, ‘ಆತ ಮನೆ ಅಳಿಯನಾಗಿ ಹ್ವಾದಾವ್ರೀ, ಅವಂಗ ಇಲ್ಲಿ ಪಾಲೆಲ್ಲಿಂದ ಬರ್ತದ’ ಎಂದರು. ಅವನು ಹೋದ ಊರಿನ ಹೆಸರನ್ನೂ ತಿಳಿಸಿದರು. ಆ ಊರಿನಲ್ಲಿ ವಿಚಾರಿಸಿದಾಗ ಅದೇ ಮನೆದೇವರಿಗೆ ನಡೆದುಕೊಳ್ಳುವ ಒಂದು ಮನೆತನ ಇರುವುದು ತಿಳಿದುಬಂದಿತು.

ಇಲ್ಲಿ ತಪ್ಪಿದ್ದು ಹೆಳವರೂ ಅಲ್ಲ, ಕಾಗದವೂ ಅಲ್ಲ, ನನ್ನ ಟಿಪ್ಪಣಿ. ‘ಪಾಲು ಯಾರಿಗೆ?’ ಎಂಬ ಪ್ರಶ್ನೆಗೆ ಕಾಗದ ಸರಿಯಾದ ಉತ್ತರ ಕೊಟ್ಟಿತ್ತು. ‘ಹುಟ್ಟಿದವರು ಯಾರು?’ ಎಂಬ ಪ್ರಶ್ನೆಗೆ ಹೆಳವರು ಸರಿಯಾದ ಉತ್ತರ ಕೊಟ್ಟಿದ್ದರು. ಎರಡು ಬೇರೆ ಪ್ರಶ್ನೆಗಳ ಉತ್ತರಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದು ಸಂಶೋಧನೆಯ ದೋಷ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಬೇರೊಂದು ಊರಿನಲ್ಲಿ ಹೆಳವರು ಹೇಳಿದ ಮೂಲಕಥೆ ಗ್ರಂಥಾಲಯದಲ್ಲಿ ನಾನು ಓದಿದ್ದ ಜಾತಿಚರಿತ್ರೆಯ ಪುಸ್ತಕಕ್ಕೆ ಚಾಚೂ ತಪ್ಪದೆ ಹೊಂದುತ್ತಿತ್ತು. ಎರಡು ಸ್ವತಂತ್ರ ಸಾಕ್ಷ್ಯಗಳು ದೊರೆತವೆಂದು ಹಿಗ್ಗುವಷ್ಟರಲ್ಲಿ, ಆ ಪುಸ್ತಕವನ್ನು ಊರಿನ ಉಪಾಧ್ಯಾಯರೊಬ್ಬರು ಹೆಳವರಿಗೆ ಹಿಂದೆಯೇ ಓದಿ ಹೇಳಿದ್ದರೆಂಬುದು ಗೊತ್ತಾಯಿತು. ಅಲ್ಲಿದ್ದುದು ಒಂದೇ ಸಾಕ್ಷ್ಯ, ಎರಡು ಕಡೆಯಿಂದ ಕೇಳಿಸಿತ್ತು ಅಷ್ಟೆ.

ಜಗತ್ತಿನ ಅತ್ಯಂತ ಪ್ರಸಿದ್ಧ ವಂಶಾವಳಿ ಶೋಧದಲ್ಲಿಯೂ ಇದೇ ತೊಡಕು ಕಾಣಿಸಿಕೊಂಡಿತು. ಅಲೆಕ್ಸ್ ಹೇಲಿಯವರ ‘ರೂಟ್ಸ್’ (1976) ಕೃತಿ ಅಮೆರಿಕದ ದಾಖಲೆಗಳನ್ನೂ ಗ್ಯಾಂಬಿಯಾದ ಜುಫುರೆ ಗ್ರಾಮದಲ್ಲಿ ಹೇಲಿಯವರು ಕೇಳಿದ ವಂಶಕಥನವನ್ನೂ ಜೋಡಿಸಿತ್ತು. 1981ರಲ್ಲಿ ಇತಿಹಾಸಕಾರ ಡೊನಾಲ್ಡ್ ರೈಟ್ ಅವರು ಆ ಕಥನಕಾರನ ಹೇಳಿಕೆಯನ್ನು ಪರೀಕ್ಷಿಸಿ, ಹೇಲಿಯವರು ಏನನ್ನು ಹುಡುಕುತ್ತಿದ್ದಾರೆಂಬುದು ಅಲ್ಲಿ ಮೊದಲೇ ತಿಳಿದಿದ್ದುದರಿಂದ ಆ ಹೇಳಿಕೆಯನ್ನು ಸ್ವತಂತ್ರ ಸಾಕ್ಷ್ಯವೆಂದು ನಂಬಲಾಗದೆಂದು ತೋರಿಸಿದರು. ಕೃತಿಯ ಸಾಂಸ್ಕೃತಿಕ ಮಹತ್ವ ಇದರಿಂದ ಕುಂದಲಿಲ್ಲ. ಆದರೆ ವಂಶಾವಳಿಕಾರನ ಮುಂದೆ ಸಂಶೋಧಕನು ಕಾಗದವನ್ನು ಮೊದಲು ಬಿಚ್ಚಬಾರದೆಂಬ ಪಾಠ ನಮಗೂ ಅನ್ವಯಿಸುತ್ತದೆ. ಮೊದಲು ಕೇಳಬೇಕು, ಬರೆದುಕೊಳ್ಳಬೇಕು. ಗ್ರಂಥಾಲಯಕ್ಕೆ ಹೋಗುವುದು ಆಮೇಲೆ.

4

ಬಿಟ್ಟುಹೋದವರ ಪ್ರಶ್ನೆ ಇನ್ನೂ ಗಂಭೀರವಾದುದು. ನಾನು ಸಂಗ್ರಹಿಸಿದ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರು ವಿರಳ. ಇದನ್ನು ಜನಪದರ ಮರೆವೆಂದು ಬಿಡುವಂತಿಲ್ಲ. ಮುಂಬಯಿ ಪ್ರಾಂತದಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ವತನದಾರರ ಹಕ್ಕುಗಳನ್ನು ಕ್ರಮಗೊಳಿಸಿತು. 1886ರ ತಿದ್ದುಪಡಿ ಕಾಯಿದೆಯು ಕೊನೆಯ ವತನದಾರನ ವಿಧವೆಯನ್ನುಳಿದು ವತನ ಮನೆತನದ ಇತರ ಹೆಂಗಸರನ್ನು ಉತ್ತರಾಧಿಕಾರದಲ್ಲಿ ಗಂಡಸರ ಹಿಂದಕ್ಕೆ ತಳ್ಳಿತು. ಹಕ್ಕು ಹಿಂದೆ ಸರಿದಲ್ಲಿ ಹೆಸರನ್ನು ಬರೆಯುವ ಅಗತ್ಯವೂ ಕುಗ್ಗುತ್ತದೆ. ಹೀಗೆ ಕಾಯಿದೆಯ ಒಂದು ಕಲಮಿನ ನೆರಳು ವಂಶವೃಕ್ಷದ ಮೇಲೆ ಬಿದ್ದಿದೆ.

ಕುತೂಹಲದ ಸಂಗತಿಯೆಂದರೆ, ಇನ್ನೂ ಹಿಂದಕ್ಕೆ ಹೋದರೆ ಗ್ರಂಥಾಲಯದ ಕಪಾಟಿನಲ್ಲಿಯೇ ಹೆಣ್ಣಿನ ಹೆಸರು ಮತ್ತೆ ಸಿಗುತ್ತದೆ. ಅತ್ತಿಮಬ್ಬೆಯ ತವರನ್ನೂ ಸೇರಿದ ಮನೆಯನ್ನೂ ರನ್ನನ ‘ಅಜಿತಪುರಾಣ’ (993) ಮತ್ತು ಲಕ್ಕುಂಡಿಯ ಶಾಸನ (1007) ಇವೆರಡರಿಂದ ಕಟ್ಟಿಕೊಳ್ಳಬಹುದು. ತಂದೆ ಮಲ್ಲಪ, ತಂಗಿ ಗುಂಡಮಬ್ಬೆ, ಗಂಡ ನಾಗದೇವ, ಮಗ ಅಣ್ಣಿಗದೇವ ಎಲ್ಲರೂ ಅಲ್ಲಿ ಒಬ್ಬ ಹೆಣ್ಣಿನ ಸುತ್ತ ನಿಲ್ಲುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆಯ ತಂದೆಯ ಮನೆಯೂ ಗಂಡನ ಮನೆಯೂ ದಾಖಲಾಗಿವೆ. ಅವಳು ದಾಖಲಾದದ್ದು ಚಿತೆಯೇರಿದ ಕಾರಣಕ್ಕೆ ಎಂಬ ಕಹಿಯನ್ನು ಮರೆಯುವಂತಿಲ್ಲ. ಬದುಕಿ ಬಾಳಿದ ಸಾಮಾನ್ಯ ಹೆಣ್ಣುಮಗಳ ಹೆಸರು ಶಾಸನಕ್ಕೂ ವತನಕ್ಕೂ ಬೇಕಾಗಿರಲಿಲ್ಲ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಬಳಿ ತಾಯಿಯಿಂದ ಹರಿಯುತ್ತದೆ. ತಂದೆಯಿಂದ ಮಗನಿಗೆ ಇಳಿಯುವ ವಂಶವೃಕ್ಷದ ನಮೂನೆಯನ್ನು ಅಲ್ಲಿ ಹರಡಿದರೆ ಇಡೀ ಕುಟುಂಬವೇ ಕಣ್ಮರೆಯಾಗುತ್ತದೆ.

ಬಿಟ್ಟುಹೋದ ಇನ್ನೊಂದು ವರ್ಗ ತಳವಾರ, ತೋಟಿ ಮುಂತಾದ ಗ್ರಾಮಸೇವಕರ ಮನೆತನಗಳು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆಯು ಅವರು ಅನುಭವಿಸುತ್ತಿದ್ದ ಭೂಮಿಯ ಮರುಮಂಜೂರಾತಿಗೆ ಅವಕಾಶ ಕಲ್ಪಿಸಿತು. ಆಗ ಅಜ್ಜ ಮುತ್ತಜ್ಜರ ಹೆಸರು ಹೇಳಿ ಸಂಬಂಧ ತೋರಿಸುವುದು ಈ ಕುಟುಂಬಗಳಿಗೆ ಅನ್ನದ ಪ್ರಶ್ನೆಯಾಯಿತು. ಗೌಡರ ಮನೆಗೆ ಹೊತ್ತಿಗೆಯೂ ಕೈಫಿಯತ್ತೂ ಇದ್ದವು. ತೋಟಿಯ ಮನೆಗೆ ಇದ್ದದ್ದು ಅಜ್ಜಿಯ ನೆನಪು. ವಂಶಾವಳಿ ಶೋಧವೆಂದರೆ ಉಳ್ಳವರ ಹವ್ಯಾಸವೆಂದು ತಿಳಿದವರು ಈ ಸಂಗತಿಯನ್ನು ಗಮನಿಸಬೇಕು.

5

ಹಾಗಾದರೆ ಗ್ರಂಥಾಲಯಗಳು ಮಾಡಬೇಕಾದುದೇನು? ಮೊದಲನೆಯದಾಗಿ, ಊರಿನ ಹೆಸರನ್ನೇ ಮೂಲವಾಗಿಟ್ಟುಕೊಂಡ ಸೂಚಿಯೊಂದು ಬೇಕು. ಒಂದು ಗ್ರಾಮದ ಹೆಸರಿನಡಿ ಅದರ ಶಾಸನ, ಕೈಫಿಯತ್ತು, ಗ್ಯಾಸೆಟಿಯರಿನ ಪುಟ, ಇನಾಮು ದಾಖಲೆ, ಜಾನಪದ ಸಂಗ್ರಹ ಎಲ್ಲವೂ ಒಟ್ಟಿಗೆ ದೊರೆಯಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ ರೂಪುಗೊಂಡ ಜಿಲ್ಲಾ ಕೇಂದ್ರ ಗ್ರಂಥಾಲಯಗಳು ತಮ್ಮ ಜಿಲ್ಲೆಯ ಮಟ್ಟಿಗೆ ಈ ಕೆಲಸವನ್ನು ಕೈಗೊಳ್ಳಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ; ಶಾಸನ ಸಂಪುಟವನ್ನೂ ಜಾನಪದ ಸಂಕಲನವನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಡುವ ಮನಸ್ಸಿನ ಸಿಬ್ಬಂದಿ ಬೇಕು.

ಎರಡನೆಯದಾಗಿ, ಹೆಳವರ ಹೊತ್ತಿಗೆಗಳ ಪ್ರತಿ ಮಾಡಿಡುವ ಕಾರ್ಯ. ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘವು 1970ರ ದಶಕದಿಂದ ಮೈಕ್ರೋಫಿಲ್ಮ್ ಮಾಡಿಕೊಂಡಿತು. ನಮ್ಮ ಹೆಳವರ ಹೊತ್ತಿಗೆಗಳಿಗೂ ಅಂಥ ಕಾಳಜಿ ಸಲ್ಲಬೇಕು. ಆದರೆ ಇಲ್ಲಿ ಎರಡು ಎಚ್ಚರಗಳು ಅವಶ್ಯ. ಹೊತ್ತಿಗೆ ಹೆಳವರ ಜೀವನೋಪಾಯ. ಅದರ ಪ್ರತಿ ಎಲ್ಲರಿಗೂ ಸುಲಭವಾಗಿ ಸಿಗುವಂತಾದರೆ ಅವರ ಎತ್ತು ಮನೆಯ ಮುಂದೆ ಬರುವ ಅಗತ್ಯವೇ ಉಳಿಯದು. ಹೊತ್ತಿಗೆಯಲ್ಲಿರುವ ದತ್ತು, ಉಡಿಕೆ, ಮನೆ ಒಡೆದ ಕಾರಣ ಮುಂತಾದ ಸಂಗತಿಗಳು ಆಯಾ ಮನೆತನದ ಮಾನಕ್ಕೆ ಸಂಬಂಧಿಸಿದವು. ಹೆಳವರ ಮತ್ತು ಮನೆಯವರ ಇಬ್ಬರ ಒಪ್ಪಿಗೆಯೂ ಇಲ್ಲದೆ ಅವನ್ನು ಕಪಾಟಿಗೇರಿಸುವುದು ಸಂಗ್ರಹವೆನಿಸದು, ಅಪಹರಣವೆನಿಸುತ್ತದೆ.

ಮೂರನೆಯದು ಸಂಶೋಧಕರಿಗೆ ಸಂಬಂಧಿಸಿದ್ದು. ಆಕರ ಯಾವುದೇ ಇರಲಿ, ಅದನ್ನು ಹೇಳಿದವರು ಯಾರು, ಯಾವ ಹಕ್ಕಿಗಾಗಿ ಹೇಳಿದರು, ಯಾರನ್ನು ಹೊರಗಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಯೇ ಮುಂದುವರಿಯಬೇಕು. ಮುದ್ರಿತ ಪುಟಕ್ಕೂ ಎತ್ತಿನ ಮೇಲಿನ ಹೆಳವನಿಗೂ ಈ ಪ್ರಶ್ನೆಗಳು ಸಮಾನ. ಎರಡು ಆಕರಗಳು ಹೊಂದಿಕೊಂಡಾಗ ಅವು ಒಂದನ್ನೊಂದು ಕೇಳಿಸಿಕೊಂಡಿವೆಯೇ ಎಂದು ಶಂಕಿಸಬೇಕು. ಹೊಂದದಿದ್ದಾಗ ಅಲ್ಲಿ ಮನೆ ಬಿಟ್ಟು ಹೋದ ಒಬ್ಬ ಮಗನೋ ಹೆಸರು ಬಿಟ್ಟುಹೋದ ಒಬ್ಬ ಮಗಳೋ ಇರಬಹುದೆಂದು ಹುಡುಕಬೇಕು. ನನ್ನ ಹಳೆಯ ಟಿಪ್ಪಣಿಯಲ್ಲಿ ‘ತಪ್ಪು’ ಎಂದು ಬರೆದಿದ್ದ ಆ ನಾಲ್ಕನೆಯ ಹೆಸರನ್ನು ನಾನು ಹೊಡೆದುಹಾಕದೆ ಉಳಿಸಿಕೊಂಡಿದ್ದರಿಂದಲೇ ಇನ್ನೊಂದು ಊರಿನ ಒಂದು ಮನೆತನಕ್ಕೆ ಅದರ ಮೂಲ ಊರು ತಿಳಿಯುವಂತಾಯಿತು.