ಕಡಲಾಚೆಯಿಂದ ಮನೆಗೆ ಬಂದ ಪಿಟೀಲು

ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬ ಬಂತೆಂದರೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಹಸಿರು ಟೋಪಿ, ಮೆರವಣಿಗೆ, ಕುಡಿತ ಎಲ್ಲವೂ ಅಮೆರಿಕದವರು ಕಟ್ಟಿದ ವೇಷ, ಅಸಲಿ ಐರಿಷ್ ಸಂಸ್ಕೃತಿ ಬೇಕಾದರೆ ಐರ್ಲೆಂಡಿನ ಪಶ್ಚಿಮದ ಹಳ್ಳಿಗಳಿಗೆ ಹೋಗಿ. ಓದಿಕೊಂಡವರೂ ಇದಕ್ಕೆ ತಲೆದೂಗುತ್ತಾರೆ. ನಾನು ಒಪ್ಪಲಾರೆ.

ಮೆರವಣಿಗೆಯ ಮಟ್ಟಿಗೆ ಅವರ ಮಾತು ಸರಿಯೇ. ನ್ಯೂಯಾರ್ಕಿನಲ್ಲಿ ಅದು 1762ರಲ್ಲೇ ಹೊರಟಿತ್ತು; ಡಬ್ಲಿನ್ನಿನ ಈಗಿನ ಉತ್ಸವ ಶುರುವಾದದ್ದು 1996ರಲ್ಲಿ. ಆದರೆ ಆ ಮೆರವಣಿಗೆಯನ್ನು ಬೆಳೆಸಿದವರು ಯಾರು? 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಶುರುವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹಾಗೆ ಊರು ಬಿಟ್ಟವರ ಹಬ್ಬವನ್ನು ನಕಲಿ ಎನ್ನುವುದು ಕ್ರೂರವಾದ ಮಾತು.

ಅದಕ್ಕಿಂತ ಹೆಚ್ಚಾಗಿ ಅದು ಸುಳ್ಳು. ಹಳ್ಳಿಯ ಅಸಲಿ ಸಂಗೀತ ಎನ್ನುವುದನ್ನೇ ನೋಡಿ. ಶಿಕಾಗೋದ ಪೊಲೀಸ್ ಮುಖ್ಯಸ್ಥನಾಗಿದ್ದ ಕಾರ್ಕ್ ಸೀಮೆಯ ಫ್ರಾನ್ಸಿಸ್ ಓನೀಲ್, ವಲಸಿಗರ ಬಾಯಿಂದ, ಬೆರಳಿನಿಂದ ಕಲೆಹಾಕಿದ 1850 ಧಾಟಿಗಳನ್ನು 1903ರಲ್ಲಿ ಅಚ್ಚು ಹಾಕಿಸಿದ. ಐರ್ಲೆಂಡಿನ ವಾದಕರು ಈಗಲೂ ಅವನ ಸಂಗ್ರಹಗಳತ್ತ ಕೈಚಾಚುತ್ತಾರೆ. ಇನ್ನು ಮೈಕಲ್ ಕೋಲ್ಮನ್. ಸ್ಲೈಗೋ ಸೀಮೆಯಲ್ಲಿ ಹುಟ್ಟಿ 1914ರಲ್ಲಿ ಅಮೆರಿಕ ಸೇರಿದ ಈ ಪಿಟೀಲುಗಾರ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಒಂದರ ಮೇಲೊಂದು ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದ. ಅಲ್ಲಿದ್ದ ನೆಂಟರು ಅವನ್ನು ಊರಿಗೆ ಕಳಿಸಿದರು. ಹಳ್ಳಿಯ ಹುಡುಗರು ತಟ್ಟೆಗೆ ಕಿವಿಗೊಟ್ಟು ಅವನ ಕಮಾನಿನ ವರಸೆಗಳನ್ನು, ಧಾಟಿಗಳನ್ನು ಜೋಡಿಸಿದ ಕ್ರಮವನ್ನೂ ಹಾಗೆಹಾಗೇ ಕಲಿತರು. ಇಂದು ಪ್ರವಾಸಿ ಯಾವುದೋ ಪಬ್ಬಿನ ಮೂಲೆಯಲ್ಲಿ ಕಣ್ಣುಮುಚ್ಚಿ ಕೇಳುವ ಅಪ್ಪಟ ನಾದದಲ್ಲಿ ನ್ಯೂಯಾರ್ಕಿನ ಧ್ವನಿಮುದ್ರಣ ಕೋಣೆಯ ಪಾಲೂ ಇದೆ.

ಕುಣಿತದ ಕತೆಯೂ ಬೇರೆಯಲ್ಲ. 1994ರಲ್ಲಿ ಡಬ್ಲಿನ್ನಿನ ವೇದಿಕೆಯಲ್ಲಿ 'ರಿವರ್‌ಡ್ಯಾನ್ಸ್' ಜಗತ್ತನ್ನೇ ಬೆರಗುಗೊಳಿಸಿದಾಗ ಮುಂದೆ ನಿಂತಿದ್ದ ಮೈಕಲ್ ಫ್ಲಾಟ್ಲಿ, ಜೀನ್ ಬಟ್ಲರ್ ಇಬ್ಬರೂ ಅಮೆರಿಕದಲ್ಲಿ ಹುಟ್ಟಿದ, ವಲಸಿಗ ಕುಟುಂಬಗಳ ಮಕ್ಕಳು.

ಹೀಗೆ ಕಡಲಾಚೆಯಿಂದ ಬಂದ ಸಂಗೀತಕ್ಕೆ ಬೆಲೆ ತೆರಲಿಲ್ಲ ಎಂದಲ್ಲ. ಕೋಲ್ಮನ್‌ನ ತಟ್ಟೆಗಳು ಮನೆಮನೆ ಹೊಕ್ಕಂತೆ ಬೇರೆ ಸೀಮೆಗಳ ಎಷ್ಟೋ ವಾದನಶೈಲಿಗಳು ಮಂಕಾದವು. ಹೀಗೆ ಸೊರಗಿದ ಶೈಲಿಗಳನ್ನು ಹುಡುಕುವುದು, ಕಲಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಅಸಲಿ-ನಕಲಿಯ ಜಗಳದಲ್ಲಿ ಅದರ ಮಾತೇ ಬರುವುದಿಲ್ಲ ಎನ್ನುವುದು ನನ್ನ ದೊಡ್ಡ ತಕರಾರು.