ನಾಯಿಗುತ್ತಿಯ ಸಂಬಳ ಎಷ್ಟು?

'ಮಲೆಗಳಲ್ಲಿ ಮದುಮಗಳು' ಅಚ್ಚಾಗಿದ್ದು 1967ರಲ್ಲಿ. ಅದರ ಮೇಲೆ ಬಂದ ಲೇಖನ, ವಿಚಾರ ಸಂಕಿರಣ, ಪಿಎಚ್.ಡಿ.ಗಳನ್ನು ಪೇರಿಸಿದರೆ ಒಂದು ಅಡಿಕೆಮರದ ಎತ್ತರ ಆದೀತು. ಕಾಡಿನ ಬಗ್ಗೆ ಬರೆದರು, ದರ್ಶನದ ಬಗ್ಗೆ ಬರೆದರು, ಹುಲಿಯ ಎಂಬ ನಾಯಿಯ ಬಗ್ಗೆ ಕಣ್ಣೀರಿಟ್ಟು ಬರೆದರು. ನಾಯಿಯ ಯಜಮಾನ ಗುತ್ತಿಯ ಬಗ್ಗೆಯೂ ಬರೆದರು, ಸುಳ್ಳು ಹೇಳಬಾರದು. ಆದರೆ ಒಂದು ದಡ್ಡ ಪ್ರಶ್ನೆಯನ್ನು ಯಾರೂ ಕೇಳಿದ್ದನ್ನು ನಾವು ಓದಿಲ್ಲ. ಸಿಂಬಾವಿ ಭರಮೈಹೆಗ್ಗಡೆ ಈ ಗುತ್ತಿಗೆ ಕೊಡುತ್ತಿದ್ದದ್ದು ಎಷ್ಟು?

'ಇದು ಸಾಹಿತ್ಯದ ಪ್ರಶ್ನೆ ಅಲ್ಲ ಕಣಯ್ಯ' ಅಂತ ನಮ್ಮ ಮೇಷ್ಟರೊಬ್ಬರು ನಕ್ಕರು. ಇರಲಿ. ನಮಗೆ ಈ ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ, ಡಬ್ಬದಿಂದ.

ನಾವು ಸಿಗಂದೂರಿನ ಕಡೆಯವರು, ಶರಾವತಿಯ ಹಿನ್ನೀರಿನಾಚೆಯವರು. ಅಡಿಕೆ ಸುಗ್ಗಿಯಲ್ಲಿ ನಮ್ಮ ಅವ್ವಂದಿರು ಸಂಜೆಯಿಂದ ನಡುರಾತ್ರಿವರೆಗೆ ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಡಬ್ಬದ ಲೆಕ್ಕದಲ್ಲಿ. ಒಂದು ಮನೆಯ ಡಬ್ಬದ ತಳ ಹೊರಕ್ಕೆ ಉಬ್ಬಿತ್ತು. ಅದಾಗಿಯೇ ಉಬ್ಬಿತ್ತೋ, ಬಡಿದು ಉಬ್ಬಿಸಿದ್ದೋ, ಯಾರಿಗೆ ಗೊತ್ತು. ಅವ್ವ ಮಾತ್ರ ಪ್ರತಿ ಸಲವೂ ಡಬ್ಬದೊಳಗೆ ಕೈ ಬಿಟ್ಟು ತಳ ಮುಟ್ಟಿ ನೋಡಿ, ಏನೂ ಹೇಳದೆ ಸುರಿಯುತ್ತಿದ್ದಳು. 'ಕೇಳಬಾರದಾ?' ಅಂದರೆ 'ಕೇಳಿದ್ರೆ ನಾಳೆ ಎಲ್ಲಿಗೆ ಹೋಗದು?' ಅನ್ನುತ್ತಿದ್ದಳು. ಡಿಗ್ರಿ ಓದುವಾಗ ವೇತನ ವ್ಯವಸ್ಥೆ ಎಂಬ ಪಾಠ ಬಂತು. ಯಾವ ಕೆಲಸಕ್ಕೆ ಎಷ್ಟು, ಯಾವ ಅಳತೆಯಿಂದ, ತೀರ್ಮಾನಿಸುವವರು ಯಾರು ಎಂದೆಲ್ಲ ಬರೆದಿತ್ತು. ಅವ್ವನ ಕೈ ತಳ ಮುಟ್ಟಿ ನೋಡಿದ್ದು ಅದೇ ಪಾಠವನ್ನು.

ಈಗ ಕಾದಂಬರಿಗೆ ಬರೋಣ. ಜೀತವನ್ನು ನಮ್ಮ ವಿಮರ್ಶಕರು 'ಅಮಾನವೀಯ ಪದ್ಧತಿ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಕುರುಡು ಕ್ರೌರ್ಯ ಅಲ್ಲ ಸ್ವಾಮಿ, ಬಹಳ ಜಾಣತನದಿಂದ ಕಟ್ಟಿದ ಸಂಬಳದ ವ್ಯವಸ್ಥೆ. ಮಲೆನಾಡಿನ ಜೀತದಲ್ಲಿ ಕೂಲಿ ಭತ್ತದ ರೂಪದಲ್ಲಿ ಬರುತ್ತಿತ್ತು, ಅಳೆಯುತ್ತಿದ್ದದ್ದು ಒಡೆಯನ ಕೈ. ಕಂಬಳಿ, ಬಟ್ಟೆ, ಹಬ್ಬದ ಊಟ ಎಲ್ಲ ಸಂಬಳದ ಭಾಗವೇ ಆದರೂ ದಯೆಯ ಹೆಸರಿನಲ್ಲಿ ಬರುತ್ತಿತ್ತು. ಮದುವೆಗೆ ಒಡೆಯ ಸಾಲ ಕೊಟ್ಟರೆ ಗಂಡನ ಜೊತೆ ಹೆಂಡತಿಯ ದುಡಿಮೆಯೂ ಅದೇ ಲೆಕ್ಕಕ್ಕೆ ಸೇರುತ್ತಿತ್ತು. ಈ ಲೆಕ್ಕದ ಗುಣವೇ ಅದು ಎಂದೂ ಮುಗಿಯದೆ ಇರುವುದು. ಮುಗಿಯಲಿ ಅಂತ ಕಟ್ಟಿದ್ದೇ ಅಲ್ಲ ಅದನ್ನು.

ಹೀಗೆ ಓದಿದರೆ ಗುತ್ತಿ–ತಿಮ್ಮಿಯರ ಓಟ ಬೇರೆಯಾಗಿ ಕಾಣುತ್ತದೆ. ಗುತ್ತಿ ಸಿಂಬಾವಿಯ ಆಳು. ತಿಮ್ಮಿ ಬೆಟ್ಟಳ್ಳಿ ಕಲ್ಲಯ್ಯಗೌಡನ ಹೊಲಗೇರಿಯವಳು. ಇಬ್ಬರು ಕೂಡಬೇಕಾದರೆ ಎರಡು ಮನೆಯ ದುಡಿಮೆಯ ಲೆಕ್ಕ ಕದಲಬೇಕು. ಅವಳನ್ನು ಬೆಟ್ಟಳ್ಳಿಯ ಆಳಿಗೇ ಕಟ್ಟಿಹಾಕುವ ಹಟ ಬರಿಯ ಹಟ ಅಲ್ಲ, ಇದ್ದ ಒಂದು ಆಳನ್ನು ಕಳೆದುಕೊಳ್ಳದಿರುವ ಲೆಕ್ಕಾಚಾರ. ಕುವೆಂಪುಗೆ ಇದು ಗೊತ್ತಿತ್ತು. ಗೊತ್ತಿಲ್ಲದೆ ಆ ಭಾಗ ಬರೆಯಲು ಆಗುತ್ತಿರಲಿಲ್ಲ. ಕೋಣೂರಿನ ಬೇಲರ ಐತ, ಪೀಂಚಲು ಬಿಡಾರಗಳ ಒಳಗನ್ನೂ ಅವರಷ್ಟು ಹತ್ತಿರದಿಂದ ಕನ್ನಡದಲ್ಲಿ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಇಷ್ಟಾದರೂ ಪ್ರೀತಿಯನ್ನು ಗುತ್ತಿಯ ಒಳಗಿನಿಂದ ಬರೆದ ಕಾದಂಬರಿ ಅವನ ದುಡಿಮೆಯನ್ನು ಮಾತ್ರ ಒಡೆಯರ ಚಾವಡಿಯಲ್ಲಿ ನಿಂತು ನೋಡುತ್ತದೆ ಎಂಬುದು ನಮ್ಮ ತಕರಾರು. ಗುತ್ತಿ ಓಡುತ್ತಾನೆ. ಲೆಕ್ಕದ ಪುಸ್ತಕ ಚಾವಡಿಯಲ್ಲೇ ಉಳಿಯುತ್ತದೆ.

ಆ ಪುಸ್ತಕಕ್ಕೆ ಕೈ ಹಾಕಿದ್ದು ಸಾಗರದ ಕಾಗೋಡಿನಲ್ಲಿ, 1951ರ ಏಪ್ರಿಲ್‌ನಲ್ಲಿ. ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಜೊತೆ ಎದ್ದುನಿಂತರು. ಸಮಾಜವಾದಿ ಪಕ್ಷ ಬಂತು, ಶಾಂತವೇರಿ ಗೋಪಾಲಗೌಡರು ಬಂದರು, ಜೂನ್‌ನಲ್ಲಿ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೊಡ್ಡ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ. ಜಗಳ ಹೊತ್ತಿದ ಕಿಡಿ ಮಾತ್ರ ಸಣ್ಣದು, ಒಂದು ಕೊಳಗ. ಗೇಣಿ ಅಳೆದುಕೊಳ್ಳುವ ಒಡೆಯರ ಕೊಳಗ ದೊಡ್ಡದಿತ್ತು. 'ಭೂಮಿ ಕೊಡಿ' ಅನ್ನುವುದಕ್ಕೂ ಮೊದಲು ಅವರು ಕೇಳಿದ್ದು 'ಅಳತೆ ಸರಿ ಮಾಡಿ' ಅಂತ. ಇಡೀ ವ್ಯವಸ್ಥೆ ಕೂತಿದ್ದು ಅಳತೆಯ ಮೇಲೆ ಎಂದು ಶಾಲೆಯ ಮೆಟ್ಟಿಲು ಹತ್ತದವರಿಗೆ ತಿಳಿದಿತ್ತು.

ಆದರೆ ನಮ್ಮವರ ಕಡೆಯಿಂದ ಒಂದು ಮಾತು ಆಡಲೇಬೇಕು. ಕಾಗೋಡು ಗೇಣಿದಾರನ ಹೋರಾಟ. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿಯೂ ಗೇಣಿದಾರನಿಗೇ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರಿಗೈಯಲ್ಲಿ ದುಡಿದವನಿಗೆ ಸಿಕ್ಕಿದ್ದು ಹೊಸ ಯಜಮಾನ. ಜೀತ ರದ್ದತಿ ಕಾಯ್ದೆ 1976ರಲ್ಲಿ ಬಂತು. ಸಾಲ ಹರಿಯಿತು ಸರಿ, ನಾಳೆಯ ಕೂಲಿ ಯಾರು ಗೊತ್ತುಮಾಡುತ್ತಾರೆ? 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಕೃಷಿ ಕೂಲಿಯೂ ಸೇರಿತ್ತು. ಅದರ ಜಾಗದಲ್ಲಿ ಈಗ 2019ರ ವೇತನ ಸಂಹಿತೆ ಬಂದಿದೆ. ಆದರೆ ಉಬ್ಬಿದ ಡಬ್ಬದ ತಳ ನೋಡಲು ಯಾವ ಇನ್‌ಸ್ಪೆಕ್ಟರೂ ಅಡಿಕೆ ಅಂಗಳಕ್ಕೆ ಬಂದದ್ದನ್ನು ನಾವು ಕಂಡಿಲ್ಲ.

ಇಂಗ್ಲಿಷಿನಲ್ಲಿ ಕಾಂಪೆನ್ಸೇಶನ್ ಎಂಬ ಒಂದೇ ಮಾತು ಸಂಬಳಕ್ಕೂ ಮುಳುಗಡೆಯ ಪರಿಹಾರಕ್ಕೂ ನಡೆಯುತ್ತದೆ ಎಂದು ತಿಳಿದ ದಿನ ನಮಗೆ ನಗು ಬಂತು. ನಮ್ಮ ಕಡೆ ಎರಡೂ ಒಂದೇ ರೀತಿ ತಪ್ಪಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಕಾಗದ ಇದ್ದವನ ಗದ್ದೆಗೆ ಬೆಲೆ ಕಟ್ಟಿದರು. ಅದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನ ಕೆಲಸವೂ ಮುಳುಗಿತು, ಆದರೆ ಕೆಲಸಕ್ಕೆ ಪಹಣಿ ಎಲ್ಲಿದೆ? ಆ ಯೋಜನೆಯಲ್ಲೇ ನೌಕರಿ ಮಾಡಿದ, 2025ರಲ್ಲಿ ತೀರಿಕೊಂಡ ನಾ. ಡಿಸೋಜ 'ಮುಳುಗಡೆ', 'ದ್ವೀಪ' ಬರೆದರು. ಅವರ ಕಣ್ಣು ಪ್ರಾಮಾಣಿಕ. ಆದರೂ 'ದ್ವೀಪ' ಓದಿ ಮುಗಿಸಿದಾಗ ನಮ್ಮ ಮನಸ್ಸಲ್ಲಿ ನಿಲ್ಲುವುದು ತೋಟದ ಮನೆಯವರ ಸಂಕಟ. ಪರಿಹಾರದ ಪಟ್ಟಿಯಲ್ಲಿ ಹೆಸರೇ ಇಲ್ಲದವನನ್ನು ನಡುವೆ ನಿಲ್ಲಿಸಿದ ಕಾದಂಬರಿಯನ್ನು ನಾವೇ ಬರೆಯಬೇಕೇನೋ.

ಈಗಿನ ಚಾವಡಿಯನ್ನೂ ನೋಡಿ. ರಾಜ್ಯದ 7ನೇ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್‌ನಿಂದ ಜಾರಿಗೆ ಬಂತು. ಕೆಳಗಿನ ಮೂಲವೇತನ 27,000, ಮೇಲಿನದು 2,41,200. ಸುಮಾರು ಒಂಬತ್ತು ಪಟ್ಟು. ಇದನ್ನಾದರೂ ಬಹಿರಂಗವಾಗಿ ಅಚ್ಚು ಹಾಕಿದ್ದಾರೆ, ವಾದ ಮಾಡಬಹುದು. ಆದರೆ ಅದೇ ಕಚೇರಿಯ ಕಸ ಗುಡಿಸುವ, ಕಾವಲು ಕಾಯುವ ಹೊರಗುತ್ತಿಗೆಯವರ ಹೆಸರು ಆ ಶ್ರೇಣಿಯಲ್ಲಿಲ್ಲ. ಅವರ ಲೆಕ್ಕ ಏಜೆನ್ಸಿಯವನ ಹತ್ತಿರ. ಗುತ್ತಿ, ಗುತ್ತಿಗೆ – ಮಾತು ಎಲ್ಲಿಂದ ಎಲ್ಲಿಗೆ ಬಂತು ನೋಡಿ! ವ್ಯುತ್ಪತ್ತಿ ಬೇರೆ ಅಂತ ಪಂಡಿತರು ಹೇಳಿಯಾರು, ಹೇಳಲಿ. ಓದಿದ ಮೇಲೆ ನಮ್ಮಲ್ಲಿ ಹಲವರು ತಿಂಗಳ ಕೊನೆಗೆ ಕಾಯುತ್ತಿರುವುದೂ ಇಂಥದೇ ಒಬ್ಬನ ಫೋನಿಗೆ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸಿಗಂದೂರು ಸೇತುವೆ ತೆರೆಯಿತು. ದಶಕಗಟ್ಟಲೆ ಕೇಳಿದ ಸೇತುವೆ, ನಮಗೂ ಸಂತೋಷ. ಇನ್ನು ಲಾಂಚಿಗೆ ಕಾಯದೆ ದಾಟಿ ಬರಬಹುದು. ಹಾಗಾಗಿ ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಕೇರಿಯಲ್ಲಿ ಜೀತ ಮಾಡಿದ ಮುದುಕರು ಇನ್ನೂ ಇದ್ದಾರೆ. ವರ್ಷಕ್ಕೆ ಎಷ್ಟು ಕೊಳಗ ಸಿಗುತ್ತಿತ್ತು, ಅಳೆದದ್ದು ಯಾರು, ಮದುವೆ ಸಾಲ ಎಷ್ಟು, ತೀರಿತು ಅಂತ ಹೇಳಿದ್ದು ಯಾರು – ಕೇಳಿ, ಅವರ ಮಾತಲ್ಲೇ ಬರೆದು ಕಳಿಸಿ. ಹಳೆಯ ಕೊಳಗ ಯಾರ ಅಟ್ಟದ ಮೇಲಾದರೂ ಇದ್ದರೆ ನೀರು ತುಂಬಿ ಅಳೆದು ನೋಡಿ, ಎಷ್ಟು ಸೇರು ಹಿಡಿಯಿತು ಅನ್ನುವುದನ್ನೂ ಬರೆಯಿರಿ.