ಗಾಳದ ಧ್ಯಾನವೂ ಶೀತ ಪರೀಷಹವೂ

ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ 'ದಿ ಕಂಪ್ಲೀಟ್ ಆ್ಯಂಗ್ಲರ್' ಗಾಳ ಹಾಕುವುದನ್ನು ಧ್ಯಾನಶೀಲನ ವಿನೋದವೆಂದು ಕರೆಯಿತು. ಅದು ನದಿಗಳ ಗ್ರಂಥ. ಆದರೆ ಅದರ ನೆರಳು ಕಡಲತೀರದ ಬೇಟೆಯ ಮೇಲೂ ಬಿದ್ದಿದೆ. ಕೆಂಟ್ ಪ್ರಾಂತದ ಡಂಜನೆಸ್ ಹಿಂದೆ ಚಳಿಗಾಲದ ಕಾಡ್ ಮೀನಿಗೆ ಹೆಸರಾಗಿದ್ದ ತೀರ. ಅಲ್ಲಿ ಇರುಳಿನ ಕೊರೆಯುವ ಗಾಳಿಯಲ್ಲಿ, ಉದ್ದನೆಯ ಕೋಲಿನಿಂದ ಸೀಸದ ಗುಂಡನ್ನು ಅಲೆಗಳಾಚೆ ಎಸೆದು ಗಂಟೆಗಟ್ಟಲೆ ಕಾಯುವವರ ಸಹನೆ ಅಲ್ಪವಲ್ಲ.

ಚಳಿಯನ್ನು ಸಹಿಸುವುದು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಮುನಿಗೆ ಅದು ಕರ್ಮನಿರ್ಜರೆಯ ಮಾರ್ಗ. ಇಲ್ಲಿಯೋ ಸಹನೆಯೇ ಕೊಲೆಯ ಸಾಧನ. ಮರಳಿನಿಂದ ಅಗೆದ ದ್ವೀಂದ್ರಿಯ ಹುಳುವನ್ನು ಮೊದಲು ಕೊಕ್ಕೆಗೆ ಪೋಣಿಸಬೇಕು. ಬೇಟೆಗಾರನ ಭಾಷೆಯಲ್ಲಿ ಅದು ಬರಿಯ 'ಎರೆ'. ಅನಂತರ ಪಂಚೇಂದ್ರಿಯ ಮೀನು. ವಾಲ್ಟನ್ನನಂತೂ ಎರೆಯಾಗಿ ಸಿಕ್ಕಿಸುವ ಕಪ್ಪೆಯನ್ನು ಪ್ರೀತಿಪಾತ್ರವೆಂಬಂತೆ ನಡೆಸಿಕೊಳ್ಳಲು ಹೇಳುತ್ತಾನೆ, ಅದು ಕೊಕ್ಕೆಯಲ್ಲಿ ಹೆಚ್ಚು ಹೊತ್ತು ಜೀವಂತವಾಗಿರಲೆಂದು! ಗ್ರಂಥದ ಮಾಧುರ್ಯವೆಲ್ಲ ಈ ವಾಕ್ಯದ ಬಳಿ ಕಹಿಯಾಗುತ್ತದೆ.

ಹಿಡಿದುದನ್ನು ತಿನ್ನುವವರುಂಟು, ನಿಜ. ಆದರೆ ವಿನೋದವೆಂಬ ಹೊಗಳಿಕೆ ಊಟಕ್ಕಲ್ಲ, ಹಿಡಿಯುವ ಸುಖಕ್ಕೆ. ಶ್ರಾವಕನ ಅಣುವ್ರತ ತ್ಯಜಿಸಬೇಕೆನ್ನುವ ಸಂಕಲ್ಪೀ ಹಿಂಸೆ ಇದೇ. ಇಂಗ್ಲೆಂಡಿನಲ್ಲಿ 35 ಸೆಂ.ಮೀ.ಗಿಂತ ಚಿಕ್ಕ ಕಾಡ್ ಮೀನನ್ನು ಇಟ್ಟುಕೊಳ್ಳುವಂತಿಲ್ಲ. ಬಾಯಿ ಹರಿದ ಮರಿಯನ್ನು ನೀರಿಗೆ ಬಿಡುವುದನ್ನು ದಯೆಯೆನ್ನುವವರಿದ್ದಾರೆ; ಆ ನಿಯಮ ಕಾಯುವುದು ಮೀನಿನ ಸಂತತಿಯನ್ನು, ಮುಂದೆ ಹಿಡಿಯಲಿಕ್ಕಾಗಿ.